ನಾನೂರ ಹನ್ನೆರಡು ಮುಖ

ಸ್ಟುಡಿಯೋದವನು ಆ ದಿನ ಬಾಯಿ ಮುಚ್ಚಿಕೊಂಡು ಗಡ್ಡ ಮಾಡಿಸಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಎಂಟಕ್ಕೇ ಕಟಿಂಗ್ ಶಾಪಿನ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಅವರಲ್ಲಿ ಯಾರ ಕೂದಲೂ ಬೆಳೆದಿರಲಿಲ್ಲ, ಸುದ್ದಿ ಮಾತ್ರ ಭುಜದವರೆಗೆ ಬೆಳೆದಿತ್ತು. ಊರಾಚೆಯ ಶಾಲೆಯಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ತನ್ನ ಪಕ್ಕ ಕೂರುವವನಿಗೆ ಚಾಕು ಹಾಕಿದ್ದ. ಚುಚ್ಚಿಸಿಕೊಂಡವನು ಆಸ್ಪತ್ರೆಯಲ್ಲಿ, ಚುಚ್ಚಿದವನು ಪೊಲೀಸರ ಸುಪರ್ದಿನಲ್ಲಿ. ಪತ್ರಿಕೆಯಲ್ಲಿ ಹುಡುಗನ ಮುಖ ಇರಬೇಕಾದ ಕಡೆ ಒಂದು ಬೂದು ಚೌಕ. ಅಷ್ಟು ಚಿಕ್ಕವರ ಮುಖ ತೋರಿಸಬಾರದೆಂದು ಕಾನೂನು. ಶಾಲೆಗೆ ಬೀಗ ಬಿದ್ದಿತ್ತು, ಗೊತ್ತಿದ್ದವರು ಪೊಲೀಸರಿಗೆ ಹೆದರಿ ತುಟಿ ಬಿಚ್ಚುತ್ತಿರಲಿಲ್ಲ.

ಅದೇ ಪುಟದ ಕೆಳಭಾಗದಲ್ಲಿ ಮಂತ್ರಿಯದೊಂದು ದೊಡ್ಡ ಫೋಟೋ, ಪಕ್ಕದಲ್ಲಿ ನಾಲ್ಕು ದಿನದಿಂದ ಯಾರ ಕಣ್ಣಿಗೂ ಬೀಳದ ಒಬ್ಬ ಗಾಯಕಿಯದು.

"ನಿಲ್ಲಿಸಿ ನೇಣು ಹಾಕ್ಬೇಕು," ಅಂದ ಬೆಂಚಿನವನೊಬ್ಬ.

"ಯಾರನ್ನ, ಮಂತ್ರೀನಾ?"

"ಹುಡುಗನ್ನ ಕಣಯ್ಯಾ! ಮಂತ್ರಿ ಕತೆ ಬೇರೆ. ಆಯಮ್ಮನಿಗೆ ಮನೆ ಕಟ್ಟಿಸಿಕೊಟ್ಟಿದ್ದಾರಂತೆ."

"ಮನೆ ಎಲ್ಲಿ ಬಂತು, ಮದ್ವೆನೇ ಆಗೋಗಿದ್ಯಂತೆ. ಒಂದು ಮಗೂನೂ ಇದ್ಯಂತೆ. ಬಚ್ಚಿಟ್ಟಿದ್ದಾರೆ."

ಎರಡು ಸುದ್ದಿಗೂ ಒಂದೇ ದನಿ, ಒಂದೇ ಕಣ್ಣಗಲ. ಬಾಯಲ್ಲಿ ಪೆಪ್ಪರಮೆಂಟನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದಂತೆ ಅವರು ಹುಡುಗನಿಂದ ಗಾಯಕಿಗೆ, ಗಾಯಕಿಯಿಂದ ಹುಡುಗನಿಗೆ ಹೊರಳುತ್ತಿದ್ದರು.

ಸ್ಟುಡಿಯೋದವನು ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ, ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದ. ಇಪ್ಪತ್ತು ವರ್ಷದಿಂದ ಅವನು ಈ ಅಂಗಡಿಯಲ್ಲಿ ಹೀಗೇ ಕೇಳಿಸಿಕೊಂಡಿದ್ದಾನೆ. ಹೇಳುವಂಥದ್ದು ಅವನ ಹತ್ತಿರ ಒಂದು ದಿನವೂ ಇರಲಿಲ್ಲ. ಇವತ್ತು ಇತ್ತು. ತಡೆಯಲಾಗಲಿಲ್ಲ.

"ಆ ಸ್ಕೂಲಿನ ಮಕ್ಕಳ ಐಡಿ ಕಾರ್ಡ್ ಫೋಟೋ ಅಷ್ಟೂ ತೆಗೆದೋನು ನಾನೇ," ಅಂದ ನೊರೆಯೊಳಗಿಂದ. "ನಾನೂರ ಹನ್ನೆರಡು ಮುಖ."

ಗಂಟಲ ಮೇಲೆ ಕತ್ತಿ ನಿಂತಿತು. ಬೆಂಚಿನ ಮೇಲೆ ಉಸಿರೂ ನಿಂತಿತು. ಎದುರಿನ ಕನ್ನಡಿಯಲ್ಲಿ ಐದು ಮುಖ ತನ್ನನ್ನೇ ನೋಡುತ್ತಿರುವುದನ್ನು ಅವನು ಕಂಡ. ಒಂದು ಗಳಿಗೆ ಹಿತವಾಗಿತ್ತು.

"ಅಣ್ಣಾ," ಅಂದ ಕಟಿಂಗ್ ಶಾಪಿನವನು ಮೆಲ್ಲಗೆ, ಕತ್ತಿ ಎತ್ತದೆ. "ಹಾಗಾದ್ರೆ ಆ ಮುಖ ನಿಮ್ಮ ಹತ್ರ ಇದೆ."

"ಇದ್ದೇ ಇರುತ್ತೆ. ಆದ್ರೆ ಯಾವ್ದು ಅಂತ ನನಗೇನು ಗೊತ್ತು? ಹೆಸರು ಹೊರಗೆ ಬಂದಿಲ್ವಲ್ಲ."

ಈ ಎರಡನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಹತ್ತು ಗಂಟೆಗೆ ಸ್ಟುಡಿಯೋ ಬಾಗಿಲು ತೆರೆದಾಗ ಹೊರಗೆ ಏಳು ಜನ. ಹನ್ನೊಂದಕ್ಕೆ ಇಪ್ಪತ್ತು. ಯಾರೂ ಗಲಾಟೆ ಮಾಡಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿದ್ದು. ಬಂದವರು ಬಂದಂತೆ ಗಾಜಿಗೆ ಹಣೆ ಒತ್ತಿ ನಿಂತರು. ಗಾಜಿನ ಮೇಲೆ ಅವರ ಉಸಿರು ಸಣ್ಣ ಸಣ್ಣ ಬಿಳಿ ಮಚ್ಚೆಗಳಾಗಿ ಮೂಡುತ್ತ ಮಾಯುತ್ತ ಇತ್ತು, ತೊಟ್ಟಿಯ ಮೀನುಗಳ ಹಾಗೆ. ತೊಟ್ಟಿಯೊಳಗಿದ್ದದ್ದು ಮಾತ್ರ ಇವನು.

ಮೊದಲು ಒಳಗೆ ಬಂದವರು ನಿವೃತ್ತ ಹೆಡ್‌ಮಾಸ್ಟರು. ಮುಖ ನೋಡಿದರೆ ಮನುಷ್ಯನ ಜಾತಕವೆಲ್ಲ ಗೊತ್ತಾಗುತ್ತದೆಂದು ಮೂವತ್ತೈದು ವರ್ಷದಿಂದ ಹೇಳಿಕೊಂಡು ಬಂದವರು. ಅವರ ಬೆನ್ನಿಗೆ ಮೂಲೆಯ ಅಂಗಡಿಯ ಟೈಲರಕ್ಕ, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡಿಸಿಕೊಂಡು. ಕಟಿಂಗ್ ಶಾಪಿನವನಂತೂ ಅರ್ಧ ತಲೆಯ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದ.

"ಎಲ್ಲಾ ಫೋಟೋ ಒಂದೊಂದಾಗಿ ತೋರ್ಸಯ್ಯಾ," ಅಂದರು ಹೆಡ್‌ಮಾಸ್ಟರು. "ಯಾವ್ದು ಅಂತ ನಾನು ಹೇಳ್ತೀನಿ."

"ಸಾರ್, ಕಾನೂನು..."

"ಕಾನೂನು ಇರೋದು ಪೇಪರಿನೋರಿಗೆ. ನಾವು ಮನೆಯೋರ ಥರ."

"ನಮಗೂ ಮಕ್ಕಳು ಮರಿ ಇದಾವಪ್ಪಾ," ಅಂದಳು ಟೈಲರಕ್ಕ. "ಅಂಥೋನು ನಾಳೆ ಎದುರಿಗೆ ಬಂದ್ರೆ ಗುರುತು ಹಿಡೀಬೇಕೋ ಬೇಡ್ವೋ? ಒಂದೇ ಒಂದ್ಸಲ ನೋಡ್ತೀವಿ. ಆಮೇಲೆ ನಿನ್ನ ತಂಟೆಗೆ ಬಂದ್ರೆ ಕೇಳು."

ನಾನೂರ ಹನ್ನೆರಡು ಮಕ್ಕಳನ್ನು ಈ ಕಣ್ಣುಗಳ ಮುಂದೆ ಸಾಲಾಗಿ ನಿಲ್ಲಿಸಿದರೆ ಯಾರೋ ಒಬ್ಬ ಪಾಪದವನ ಮೇಲೆ ಬೆರಳು ಬೀಳುವುದು ಖಂಡಿತವೆಂದು ಅವನಿಗೆ ಗೊತ್ತಿತ್ತು. ಹೋಗಿ ಅಂದರೆ ಇವರು ಹೋಗುವವರಲ್ಲ. ಅವನ ಕಂಪ್ಯೂಟರಿನಲ್ಲಿ ಹಳೆಯ ಕಪ್ಪುಬಿಳುಪು ಫೋಟೋಗಳಿಗೆ ಬಣ್ಣ ಹಚ್ಚಿ ಅಭ್ಯಾಸ ಮಾಡಿದ್ದ ಒಂದು ಕಟ್ಟು ಇತ್ತು. ಅದರಲ್ಲಿ ಅವನದೇ ಏಳನೇ ಕ್ಲಾಸಿನ ಫೋಟೋ. ಎಣ್ಣೆ ಹಾಕಿ ಬಾಚಿದ ತಲೆ, ಅಗಲ ಕಿವಿ, ಕ್ಯಾಮೆರಾಕ್ಕೆ ಹೆದರಿ ಅಗಲವಾದ ಕಣ್ಣು. ಅಂಗಿಯ ಕಾಲರನ್ನು ಕತ್ತರಿಸಿ ತೆಗೆದ. ಬರೀ ಮುಖ ಉಳಿಯಿತು. ಪರದೆಯನ್ನು ಅವರ ಕಡೆ ತಿರುಗಿಸಿದ.

"ನಾನು ತೋರ್ಸಿಲ್ಲ ಅಂತ ಇಟ್ಕೊಳ್ಳಿ," ಅಂದ. "ನೋಡಿ ಹೊರಟುಬಿಡಿ."

ಅಷ್ಟೂ ತಲೆಗಳು ಒಂದೇ ಬದಿಗೆ ಒಂದೇ ಅಳತೆಯಲ್ಲಿ ವಾಲಿದವು. ಪರದೆಯ ನೀಲಿ ಬೆಳಕು ಅವರ ಕೆನ್ನೆಗಳ ಮೇಲೆ ಬಿದ್ದು, ಅಲ್ಲಿ ನಿಂತವರಿಗಿಂತ ಪರದೆಯ ಹುಡುಗನಿಗೇ ಜೀವ ಹೆಚ್ಚಾಗಿರುವಂತೆ ಕಂಡಿತು.

"ಕಣ್ಣು ನೋಡಿ," ಅಂದರು ಹೆಡ್‌ಮಾಸ್ಟರು. ದನಿ ತಗ್ಗಿತ್ತು. "ರೆಪ್ಪೆ ಮುಚ್ಚೋ ಜಾತಿ ಅಲ್ಲ ಇದು. ಕಿವಿ ನೋಡಿ, ಹೆಂಗೆ ಎದ್ದು ನಿಂತಿದೆ. ಹುಟ್ಟುತ್ತಲೇ ಬಂದಿರೋದು."

"ನನ್ನನ್ನೇ ನೋಡ್ತಾ ಇದೆ," ಅಂದಳು ಟೈಲರಕ್ಕ. ಎಡಕ್ಕೆ ಸರಿದಳು. "ಅಯ್ಯಮ್ಮಾ, ಇಲ್ಲೂ ನನ್ನನ್ನೇ ನೋಡ್ತಿದೆ!"

"ಇಂಥೋನ್ನ ಹೆತ್ತವಳಿಗೆ ಹೇಳ್ಬೇಕು," ಅಂದರು ಹಿಂದಿನಿಂದ ಯಾರೋ.

ತನ್ನ ತಾಯಿಯ ವಿಚಾರ ಬಂದದ್ದರಿಂದ ಸ್ಟುಡಿಯೋದವನಿಗೆ ಸ್ವಲ್ಪ ಬೇಜಾರಾಯಿತು. ಇರಲಿ. ಹೇಗೂ ಈಗ ಹೊರಡುತ್ತಾರೆ.

ಯಾರೂ ಹೊರಡಲಿಲ್ಲ. ನೋಡಿದವರು ಹೋಗಿ ಸಾಲಿನ ಕೊನೆಯಲ್ಲಿ ನಿಂತು ಇನ್ನೊಮ್ಮೆ ನೋಡಲು ಬಂದರು. ಯಾರದೋ ಫೋನು ಒಮ್ಮೆ ಮಿಂಚಿತು. ಊಟದ ಹೊತ್ತಿಗೆ ಆ ಮುಖ ಊರಿನ ಎಲ್ಲ ಫೋನುಗಳಲ್ಲೂ ಇತ್ತು. ಕೆಳಗೆ ಕೆಂಪಕ್ಷರದಲ್ಲಿ, "ಇವನೇ. ನೋಡಿ, ಹಂಚಿ."

ಮಹಡಿ ಮೇಲಿನ ಮನೆಯಿಂದ ಅವನ ಹೆಂಡತಿ ಇಳಿದು ಬಂದದ್ದು ಆಗ. ತಂಗಿ ಕಳಿಸಿದ ಫೋಟೋ ಇದ್ದ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಜನರ ಮಧ್ಯೆ ನುಗ್ಗಿದಳು.

"ಏನ್ರೀ ಇದು? ನೀವು ಏಳನೇ ಕ್ಲಾಸಲ್ಲಿ ತೆಗೆಸಿಕೊಂಡ ಫೋಟೋ ಅಲ್ವಾ? ನಿಮ್ಮಮ್ಮ ನನಗೆ ತೋರಿಸಿದ್ರಲ್ಲ!"

ಸ್ಟುಡಿಯೋದವನು ಕಣ್ಣು ಮುಚ್ಚಿದ. ಈಗ ನಗುತ್ತಾರೆ, ಹೆಡ್‌ಮಾಸ್ಟರು ಪೆಚ್ಚಾಗುತ್ತಾರೆ, ಎಲ್ಲರೂ ಮನೆಗೆ ಹೋಗುತ್ತಾರೆ ಅಂದುಕೊಂಡ. ನಗು ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಪರದೆಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡುತ್ತಿದ್ದರು.

"ಅಣ್ಣಾ," ಅಂದ ಕಟಿಂಗ್ ಶಾಪಿನವನು. ಇಷ್ಟು ವರ್ಷ ಈ ಗಂಟಲನ್ನು ಕತ್ತಿಯ ಕೆಳಗೆ ಇಟ್ಟುಕೊಂಡವನು ಈಗ ತನ್ನ ಗಂಟಲನ್ನು ತಾನೇ ಮುಟ್ಟಿಕೊಂಡ. "ಆವಾಗ... ಯಾರಿಗೆ ಚುಚ್ಚಿದ್ರಿ?"

"ಯಾರಿಗೂ ಇಲ್ಲ ಮಾರಾಯ! ಅದು ಬರೀ ಫೋಟೋ!"

"ಮುಖ ಸುಳ್ಳು ಹೇಳಲ್ಲ ಕಣಯ್ಯಾ," ಅಂದರು ಹೆಡ್‌ಮಾಸ್ಟರು ಬಾಗಿಲ ಕಡೆ ಜರುಗುತ್ತ. "ಆಗ ಸಿಕ್ಕಿಬಿದ್ದಿಲ್ಲ, ಅಷ್ಟೇ."

ಹೆಂಡತಿ ಊಟಕ್ಕೆ ಕರೆಯದೆ ಮಹಡಿ ಹತ್ತಿದಳು. ಮೇಲೆ ಬಾಗಿಲ ಚಿಲಕ ಹಾಕಿದ ಸದ್ದು ಕೇಳಿಸಿತು. ಹಗಲು ಹೊತ್ತಿನಲ್ಲಿ ಅವಳು ಚಿಲಕ ಹಾಕಿದ್ದನ್ನು ಅವನು ಇದುವರೆಗೆ ಕಂಡಿರಲಿಲ್ಲ.

ಜನ ಹೋಗಿ ಎದುರು ಫುಟ್‌ಪಾತಿನ ಮೇಲೆ ನಿಂತರು. ಫೋಟೋ ಹಂಚಿದವರಲ್ಲಿ ಒಬ್ಬರೂ "ಇದು ಅವನಲ್ಲ" ಎಂಬ ತಿದ್ದುಪಡಿಯನ್ನು ಹಂಚಲಿಲ್ಲ. ಮಧ್ಯಾಹ್ನವೆಲ್ಲ ಸ್ಟುಡಿಯೋದವನು ಒಬ್ಬನೇ ಕೂತ. ಗೋಡೆಯ ಕನ್ನಡಿಯಲ್ಲಿ ತನ್ನ ಕಣ್ಣು ನೋಡಿಕೊಂಡ. ರೆಪ್ಪೆ ಬಡಿಯಿತು. ಮತ್ತೆ ನೋಡಿಕೊಂಡ. ಏಳನೇ ಕ್ಲಾಸಿನಲ್ಲಿ ಯಾರಿಗಾದರೂ ಏನಾದರೂ ಮಾಡಿದ್ದೆನೇ ಎಂದು ನಿಜವಾಗಿಯೂ ನೆನಪಿಸಿಕೊಳ್ಳತೊಡಗಿದ.

ನಾಲ್ಕು ಗಂಟೆಗೆ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು. ತಲೆ, ಗಲ್ಲ ಮುಚ್ಚುವಂತೆ ಸುತ್ತಿದ ಸ್ಕಾರ್ಫು, ದೊಡ್ಡ ಕಪ್ಪು ಕನ್ನಡಕ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಚೀಟಿ.

"ಮಗನ ಫೋಟೋ ಬೇಕಿತ್ತು. ನೀವೇ ತೆಗ್ದಿದ್ದೀರಿ. ನಾಲ್ಕು ಕಾಪಿ ಕೇಳಿದ್ದಾರೆ, ಅಲ್ಲಿ," ಅಂದಳು. ಚೀಟಿಯಲ್ಲಿ ಶಾಲೆಯ ಹೆಸರು, ಒಂದು ಹಾಜರಿ ನಂಬರು. "ಅಲ್ಲಿ" ಅಂದರೆ ಎಲ್ಲಿ ಎಂದು ಅವನು ಕೇಳಲಿಲ್ಲ. ಆ ಚೀಟಿ, ಆ ಮುಚ್ಚಿದ ಮುಖ ನೋಡಿದ, ಸಾಕಾಯಿತು.

ಪರದೆಯ ಮೇಲೆ ಒಂದು ಮುಖ ಬಂತು. ದುಂಡು ಕೆನ್ನೆ, ಕಿವಿಯ ಮೇಲೆ ಇಳಿದ ಕೂದಲು, ಬಿದ್ದ ಹಲ್ಲಿನ ಜಾಗ ಕಾಣದಂತೆ ತುಟಿ ಬಿಗಿಹಿಡಿದ ಸಣ್ಣ ನಗು. ಈ ಮುಖವನ್ನು ತೆಗೆದದ್ದೇ ಅವನಿಗೆ ನೆನಪಿರಲಿಲ್ಲ.

"ಇವನಾ?"

"ಹೂಂ."

ಪ್ರಿಂಟಿನ ಯಂತ್ರ ಗುರುಗುಟ್ಟುತ್ತ ಹಾಳೆಯನ್ನು ಹೊರಗೆ ಬಿಟ್ಟಿತು. ಆಮೇಲೆ ಅವಳೇ ಅಂದಳು, "ನಮ್ಮ ಬೀದೀಲಿ ಎಲ್ಲರಿಗೂ ಅನುಮಾನ ಇತ್ತು. ಇವತ್ತು ಮಧ್ಯಾಹ್ನ ಆ ಫೋಟೋ ಬಂತು ನೋಡಿ, 'ಸದ್ಯ, ನಿಮ್ಮನೆ ಹುಡುಗ ಅಲ್ಲ' ಅಂತ ಸಮಾಧಾನ ಮಾಡಿ ಹೋದ್ರು. ಮನೇಲಿ ಇನ್ನೊಂದು ಹೆಣ್ಣುಮಗು ಇದೆ. ಅವಳ ಸ್ಕೂಲು ಬೇರೆ, ನಾಳೆ ಹೋಗ್ಬೇಕು." ಕನ್ನಡಕದ ಕೆಳಗಿನಿಂದ ಕಣ್ಣೀರು ಇಳಿಯಿತು. "ಆ ಮುಖ ಯಾರದೋ ನನಗೆ ಗೊತ್ತಿಲ್ಲ ಅಣ್ಣಾ. ಅದು ಅವನಲ್ಲ ಅಂತ ಮಾತ್ರ ಯಾರಿಗೂ ಹೇಳ್ಬೇಡಿ."

"ಹೇಳಲ್ಲಮ್ಮ," ಅಂದ. ಹಾಳೆಯಲ್ಲಿ ಎಂಟು ಫೋಟೋ ಬಂದಿದ್ದವು. ನಾಲ್ಕನ್ನು ಕತ್ತರಿಸಿ ಲಕೋಟೆಗೆ ಹಾಕಿ ಕೊಟ್ಟ. ಅವಳು ತಲೆ ತಗ್ಗಿಸಿ ಬೇಗ ಬೇಗ ನಡೆದು, ತಿರುವಿನಲ್ಲಿ ನಿಂತಿದ್ದ ಬಸ್ಸು ಹತ್ತಿದಳು.

ಬಸ್ಸು ಹೊರಟದ್ದೇ ತಡ, ಎದುರು ಫುಟ್‌ಪಾತು ಖಾಲಿಯಾಗಿ ಸ್ಟುಡಿಯೋ ತುಂಬಿತು. ಮಧ್ಯಾಹ್ನದ ಹೆದರಿಕೆಯ ಸುಳಿವೇ ಇಲ್ಲ. ಕಣ್ಣುಗಳು ಹೊಸ ಬಲ್ಬಿನ ಹಾಗೆ ಉರಿಯುತ್ತಿದ್ದವು.

"ಯಾರಪ್ಪಾ ಆಕೆ? ಮುಖ ಯಾಕೆ ಮುಚ್ಕೊಂಡಿದ್ಲು?" ಅಂದಳು ಟೈಲರಕ್ಕ. ಉತ್ತರಕ್ಕೆ ಕಾಯದೆ ತಾನೇ ಹೇಳಿದಳು, "ಎತ್ತರ ಅದೇ, ನಡಿಗೆ ಅದೇ. ಆ ಗಾಯಕಿ ತಾನೇ?"

ಸ್ಟುಡಿಯೋದವನು ಬಾಯಿ ತೆರೆದ. ಅಲ್ಲ ಅಂದರೆ ಮತ್ತ್ಯಾರು ಅನ್ನುತ್ತಾರೆ. ಮತ್ತ್ಯಾರು ಎಂಬುದನ್ನು ಇವರು ಸಂಜೆಯೊಳಗೆ ಕಂಡುಹಿಡಿಯದೆ ಬಿಡುವವರಲ್ಲ. ಬದುಕಿನಲ್ಲಿ ಮೊದಲ ಸಲ ಅವನಿಗೊಂದು ಉಪಾಯ ತಕ್ಷಣ ಹೊಳೆಯಿತು.

"ಹೌದು," ಅಂದ. "ಅವರೇ. ಯಾರಿಗೂ ಹೇಳ್ಬೇಡಿ."

ಜನರ ಬಾಯಿಂದ ಒಂದೇ ಉಸಿರು ಹೊರಬಿತ್ತು. ಗೆದ್ದೆ ಅಂದುಕೊಂಡ ಅವನು. ಇನ್ನು ಹುಡುಗನನ್ನು ಎಲ್ಲರೂ ಮರೆಯುತ್ತಾರೆ, ಅವನ ತಾಯಿ ನೆಮ್ಮದಿಯಾಗಿ ಮನೆ ಸೇರುತ್ತಾಳೆ.

"ಹಾಗಾದ್ರೆ ಇದು?"

ಕಟಿಂಗ್ ಶಾಪಿನವನ ಕೈಯಲ್ಲಿ ಯಂತ್ರದ ಪಕ್ಕ ಉಳಿದಿದ್ದ ಅರ್ಧ ಹಾಳೆ. ನಾಲ್ಕು ದುಂಡು ಕೆನ್ನೆಗಳು.

ಹೆಡ್‌ಮಾಸ್ಟರು ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ಅವರ ಮುಖ ಬೆಣ್ಣೆಯ ಹಾಗೆ ಕರಗಿತು.

"ಮಂತ್ರಿಗಳ ಮೂಗು," ಅಂದರು ಪಿಸುದನಿಯಲ್ಲಿ. "ಅದೇ ಹಣೆ. ಬಚ್ಚಿಟ್ಟಿದ್ದ ಮಗ! ಏನು ಕಳೆ ನೋಡ್ರೀ... ಇರುವೇನೂ ತುಳಿಯೋ ಮುಖ ಅಲ್ಲ ಇದು."

"ಕೊಡಿ ಇಲ್ಲಿ. ಅಯ್ಯೋ ಮುದ್ದು!" ಟೈಲರಕ್ಕ ಹಾಳೆಗೇ ಮುತ್ತಿಟ್ಟಳು. "ಮಕ್ಕಳು ಅಂದ್ರೆ ಹಿಂಗಿರ್ಬೇಕು."

"ಬೇಡ! ಅದು ಯಾರೋ... ಗಿರಾಕಿ ಮಗು, ಕೊಡ್ರಪ್ಪಾ," ಎಂದು ಸ್ಟುಡಿಯೋದವನು ಕೈಚಾಚಿ ಮೇಜು ಹಾರಿದ. ನಿಜ ಹೇಳುವಂತಿರಲಿಲ್ಲ. ಹೇಳದೆ ಕಿತ್ತುಕೊಂಡಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಹಾಳೆ ತಲೆಗಳ ಮೇಲೆ ಕೈಯಿಂದ ಕೈಗೆ ತೇಲಿತು. ಫೋನುಗಳು ಒಂದಾದ ಮೇಲೊಂದು ಮಿಂಚಿದವು. ಆಮೇಲೆ ಎಲ್ಲರೂ ತಲೆ ತಗ್ಗಿಸಿ, ಹೆಬ್ಬೆರಳು ಆಡಿಸುತ್ತ, ಒಬ್ಬರನ್ನೊಬ್ಬರು ತಳ್ಳದೆ, ಸದ್ದಿಲ್ಲದೆ ಹೊರಗೆ ಹೋದರು.

ಐದು ನಿಮಿಷ ಆಗಿರಲಿಲ್ಲ, ಮೇಜಿನ ಮೇಲಿದ್ದ ಅವನ ಫೋನೇ ಗುಂಯ್‌ಗುಟ್ಟಿತು. ಗೊತ್ತಿಲ್ಲದ ನಂಬರು. ತುಟಿ ಬಿಗಿಹಿಡಿದು ನಗುವ ಹುಡುಗ. "ಈ ಮುದ್ದು ಮುಖ ಯಾರದು ಗೊತ್ತೇ? ಎಲ್ಲರಿಗೂ ಕಳಿಸಿ." ಆ ಶಾಲೆಗೆ ಮಕ್ಕಳನ್ನು ಕಳಿಸುವ ಉಳಿದ ನಾನೂರ ಹನ್ನೊಂದು ಮನೆಗಳ ಲೆಕ್ಕ ಅವನ ತಲೆಯಲ್ಲಿ ಓಡಿತು. ಅಲ್ಲಿ ಈ ಮುಖ ಯಾರದೆಂದು ಎಲ್ಲರಿಗೂ ಗೊತ್ತು.

ಬಸ್ಸು ಇನ್ನೂ ಊರಾಚೆ ಮುಟ್ಟಿರಲಿಕ್ಕಿಲ್ಲ. ಕಿಟಕಿ ಪಕ್ಕ ಕೂತ ಆ ತಾಯಿಯ ಹತ್ತಿರವೂ ಒಂದು ಫೋನಿತ್ತು.