ಡ್ರಮ್ಮಿನ ಮೇಲೆ ಕುಳಿತ ಕಾಕಾ

ಹೋಳಿಗೆಗೆಂದು ಶೇಂಗಾ ಹುರಿಯುತ್ತಿದ್ದಾಗ ಬಬಲೇಶ್ವರದಿಂದ ತಂಗಿಯ ಫೋನು ಬಂತು. "ಅಕ್ಕಾ, ಲಗೂನ ಬಾ. ಕಾಕಾ ನೀರಿನ ಡ್ರಮ್ಮಿನ ಮ್ಯಾಲ ಕುಂತಾರ, ಇಳೀವಲ್ಲರು! ನಾಳಿ ಮನಿ ವಾಸ್ತುಶಾಂತಿ, ಯಾರನ್ನೂ ನೀರು ಮುಟ್ಟಗೊಡವಲ್ಲರು!"

ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕಾಕಾನ ಜೊತೆ ಬಟಾಟಿ ಪಲ್ಯ ಉಣ್ಣಲು ಕುಳಿತವರು ಪೋರ್ಚುಗಲ್ಲಿಗೆ ಹೋಗಿ ಬರದೆ ಕೈ ತೊಳೆಯುವಂತಿಲ್ಲ! "ಬಟಾಟಿ, ಚಾವಿ, ಪಗಾರ, ಮೂರೂ ಮಾತು ಅಲ್ಲಿಂದ ಹಡಗ ಹತ್ತಿ ಬಂದಾವ ನೋಡವಾ" ಎನ್ನುತ್ತಾರೆ. ಅಪ್ಪನ ತಮ್ಮ ಇವರು. ಟಿಕೋಟಾದ ಪೋಸ್ಟಿನಲ್ಲಿದ್ದು ನಿವೃತ್ತರಾದವರು. ಮುಂಬೈ ಕೂಡ ಕಂಡಿಲ್ಲ. ಆದರೆ ಸಿದ್ಧೇಶ್ವರ ಗುಡಿ ಹತ್ತಿರದ ಹಳೇ ಪುಸ್ತಕದವನಿಂದ ಯುರೋಪಿನ ಡಿಕ್ಷನರಿಗಳನ್ನೆಲ್ಲ ತಂದು ತಲೆದಿಂಬು ಮಾಡಿಕೊಂಡಿದ್ದಾರೆ. ಕುತ್ತಿಗೆ ಹಿಡಿದಾಗ ಎಣ್ಣೆ ತಿಕ್ಕುವುದು ಅವರ ಹೆಂಡತಿ, ನಮ್ಮ ಕಾಕು!

ಒಮ್ಮೆ ಊಟದ ನಡುವೆ, "ಬುರ್ರೋ ಅಂದ್ರ ಇಟಲಿಯಾಗ ಬೆಣ್ಣಿ, ಸ್ಪೇನಿನ್ಯಾಗ ಕತ್ತೆ! ಒಂದ ಮಾರಿ, ಎರಡು ಬಾಳೇವು!" ಎಂದು ಕುಣಿದರು.

ಕಾಕು ರೊಟ್ಟಿ ಬಡಿಯುತ್ತಲೇ, "ಇನ್ನಮ್ಯಾಲ ನಿಮಗ ಬುರ್ರೋ ಅಂತೀನಿ. ಯಾವ ದೇಶದ್ದು ಅಂತ ನೀವ ತಿಳ್ಕೋರಿ!"

ಫೋನಿಟ್ಟು, ಒಲೆ ಆರಿಸಿ ಓಡಿದೆ. ಶೇಂಗಾ ಸೀಯಲಿಲ್ಲ, ಬಸ್ಸು ನಿಂತೇ ಇತ್ತು, ಕಿಟಕಿ ಪಕ್ಕ ಸೀಟು ಬೇರೆ. ಎಷ್ಟು ಕೊಡುತ್ತೀ ಸಿದ್ಧೇಶ್ವರಾ!

ತಂಗಿಯ ಮನೆಯ ಅಂಗಳದಲ್ಲಿ ನೀಲಿ ಡ್ರಮ್ಮು. ಮೇಲೆ ಧೋತರ ಎತ್ತಿಕಟ್ಟಿ, ಚಕ್ಕಂಬಕ್ಕಳ ಹಾಕಿದ ಕಾಕಾ. ತಂಗಿಯ ಗಂಡ ಸಿಟ್ಟಿನಿಂದ ಕೆಂಪಾಗಿದ್ದ. "ನೋಡ್ರಿ ಅಕ್ಕಾರ, ಗುಜರಿ ಅಂಗಡ್ಯಾಗ ಆರಿಸಿ ತಂದೀನಿ. ಮ್ಯಾಲ ಚಂದಾಗಿ ಗಿಫ್ಟ್ ಅಂತ ಬರದೈತಿ. ಇವರು ಅದನ್ನ ವಿಷ ಅಂತಾರ!"

"ಇಂಗ್ಲಿಷಿನ್ಯಾಗ ಉಡುಗೊರಿ, ತಮ್ಮಾ. ಬಾಕಿ ಬರದದ್ದು ನೋಡು, ಇದು ಜರ್ಮನ್! ಅವರಲ್ಲಿ ಗಿಫ್ಟ್ ಅಂದ್ರ ವಿಷ. ಎರಡೂ 'ಕೊಡು' ಅನ್ನೋ ಒಂದ ಮಾತಿನ ಮಕ್ಕಳು!"

"ವಿಷಕ್ಕ ಯಾರರೆ ಇಂಥಾ ಚಂದನ ಹೆಸರ ಇಡ್ತಾರೇನ್ರೀ ಕಾಕಾ?" ತಂಗಿ ನಕ್ಕಳು.

"ನಿನ್ನ ಗಂಡ ದ್ರಾಕ್ಷಿಗೆ ಹೊಡಿಯೂದಕ್ಕ ಏನಂತೀ?"

"ಔಷಧ."

"ಅದನ್ನ ಕುಡದ್ರ?"

ನಗು ನಿಂತಿತು. ಏಳು ಸಮುದ್ರದಾಚೆಯ ಜನರೂ ನಮ್ಮ ಹಾಗೇ ವಿಷಕ್ಕೆ ಸವಿ ಹೆಸರಿಟ್ಟು ಕರೆಯುತ್ತಾರೆಯೇ! ಮಾತು ಇಷ್ಟು ದೊಡ್ಡದೇ ದೇವರೇ!

ಆ ಅಕ್ಷರದ ಕೆಳಗೆ ಸುಣ್ಣ ಸಿಡಿದು ಒಣಗಿತ್ತು. ಚಮಚದಿಂದ ಕೆರೆದೆ. ಮೊದಲು ಎರಡು ಎಲುಬು. ಆಮೇಲೆ ತಲೆಬುರುಡೆ.

ತಂಗಿಯ ನಾಲ್ಕು ವರ್ಷದ ಮಗಳ ಬಾಟ್ಲಿ ಕಟ್ಟೆಯ ಮೇಲಿತ್ತು. ಮುಂಜಾನೆ ತಂಗಿಯೇ ಡ್ರಮ್ಮಿನ ನೀರು ತುಂಬಿಟ್ಟಿದ್ದಳಂತೆ. ಓಡಿಹೋಗಿ ಎತ್ತಿ ನೋಡಿದಳು. ಕಂಠದ ತನಕ ತುಂಬಿತ್ತು, ಮುಚ್ಚಳ ಬಿಗಿಯಾಗಿತ್ತು.

ಕಾಕಾನನ್ನು ಇಳಿಸಿದಾಗ ಕಾಲು ಜೋಮು ಹಿಡಿದು ನಿಲ್ಲಲಾರದೆ ನನ್ನ ಹೆಗಲು ಹಿಡಿದರು. "ಖರೇನ ಕುಡದಿಲ್ಲೇನವಾ ಕೂಸು?" ಎಂದರು. ಇಲ್ಲ ಎಂದೆ. ಮತ್ತೆ ಕೇಳಿದರು. ಕೂಸನ್ನು ಎದೆಗವಚಿಕೊಂಡು ಕುಳಿತುಬಿಟ್ಟರು. ಅಷ್ಟು ದೇಶದ ಮಾತು ಬಲ್ಲವರಿಗೆ ಆಗ ಒಂದೂ ಒದಗಲಿಲ್ಲ.

ನಾನು ಸೆರಗು ಬಿಗಿದು, ಬೂದಿ ತಗೊಂಡು, ನಾಳೆಯ ನೀರಿಗೆ ತಾಮ್ರದ ಕೊಡ ತಿಕ್ಕಲು ಕುಳಿತೆ.