ಬಾವಲಿ ಮೇಡಂ ಜೊತೆ ಬಹರೈನಿನಲ್ಲಿ

ಬಾವಲಿಗಳ ಸಹವಾಸಕ್ಕೆ ಬಿದ್ದವನಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ಆಗುವಾಗ ಮಾತ್ರ ಒಂದಕ್ಕೂ ನಗು ಬರುವುದಿಲ್ಲ. ಎಂಬತ್ತರ ದಶಕದಲ್ಲಿ ನಾನು ಬಹರೈನಿನ ರಾಜಧಾನಿ ಮನಾಮದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ಪ್ರಾಣಿಶಾಸ್ತ್ರದ ಮೇಡಂ ಬೆಂಗಳೂರಿನವರು. ಆಫ್ರಿಕಾದ ಗುಹೆಗಳಲ್ಲಿ ಹಿಡಿದ ಬಾವಲಿಗಳು ಅವರಿಗೆ ಬರುತ್ತಿದ್ದವು. ಯಾವುದು ಯಾವ ಜಾತಿ ಎಂದು ಗುರುತಿಸಿ ವಿಂಗಡಿಸುವುದು ಅವರ ಕೆಲಸ.

ಬಾಟಲಿ

ಮೊದಲ ಪಾರ್ಸೆಲ್ ಬಿಡಿಸಿಕೊಳ್ಳಲು ವಿಮಾನ ನಿಲ್ದಾಣಕ್ಕೆ ನಾನೊಬ್ಬನೇ ಹೋದೆ. ಪೆಟ್ಟಿಗೆಯಿಂದ, ಸತ್ತ ಬಾವಲಿ ಕೆಡದಿರಲು ಹಾಕಿದ ಸ್ಪಿರಿಟ್ಟಿನ ವಾಸನೆ. ಕಸ್ಟಮ್ಸ್ ಅಧಿಕಾರಿ ನನ್ನ ಗುರುತಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡ.

"ಶರಾಬಾ?" ಎಂದ.

ಬಾವಲಿಗೆ ಅರಬ್ಬಿಯಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಕೆಲಸ ಹೋಯಿತು, ಊರಿಗೆ ವಿಮಾನ ಹತ್ತಿಸುತ್ತಾರೆ ಎಂದುಕೊಂಡೆ. ಅವನು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಒಳಗಿಂದ ಹಲ್ಲು ಕಿರಿದ ಮುಖವೊಂದು ಅವನನ್ನೇ ನೋಡುತ್ತಿತ್ತು. ಮೆಲ್ಲಗೆ ಕೆಳಗಿಟ್ಟು ಚೀಟಿ ವಾಪಸು ಕೊಟ್ಟ.

"ಇದನ್ನು ಕುಡಿಯುವವನಿಗೆ ಜೈಲು ಯಾಕೆ, ಆಸ್ಪತ್ರೆಗೆ ಸೇರಿಸಿ," ಎಂದ ಹಿಂದಿಯಲ್ಲಿ.

ಒಣಮೀನು

ಲ್ಯಾಬಿನ ಎಸಿ ಕೆಟ್ಟ ದಿನ ಮೇಡಂ ಒಂದು ಡಬ್ಬಿ ಕೊಟ್ಟು ನನ್ನ ರೂಮಿನ ಫ್ರಿಜ್ಜಿನಲ್ಲಿಡಲು ಹೇಳಿದರು. ಒಳಗೆ ಕೊಳೆಯದಂತೆ ಫಾರ್ಮಲಿನ್ ದ್ರಾವಣದಲ್ಲಿ ನೆನೆಸಿದ ಬಾವಲಿಗಳು, ತಿಂದರೆ ವಿಷ. ಹೂರಾ ಎಂಬ ಬಡಾವಣೆಯ ಆ ರೂಮಿನಲ್ಲಿ ನನ್ನ ಜೊತೆ ಕುಂದಾಪುರದ ಒಬ್ಬ ಹೋಟೆಲ್ ಅಡುಗೆಯವನಿದ್ದ. ನಾನು ಸ್ನಾನ ಮುಗಿಸಿ ಬಂದಾಗ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು, ಡಬ್ಬಿ ಖಾಲಿ. ಓಡಿಹೋಗಿ ಒಲೆ ಆರಿಸಿದೆ.

"ತಿಂದೆಯಾ?"

"ಎಲ್ಲಿ ಮಾರಾಯ, ಈ ಒಣಮೀನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ."

"ಅದು ಮೀನಲ್ಲ, ಬಾವಲಿ. ವಿಷ ಹಾಕಿದ್ದು."

ಅವನು ತೊಳೆಯುತ್ತಿದ್ದ ಪಾತ್ರೆಯೊಳಗೆ ಇಣುಕಿದ. "ಕಿವಿ ನೋಡಿದೆ. ಗಲ್ಫಿನ ಮೀನು ಹೀಗೇ ಇರ್ತದೆ ಅಂದುಕೊಂಡೆ."

ಉಗುರು

ಅರಾದ್ ಎಂಬ ಊರಿನ ಒಂದು ಮನೆಯ ಕೋಣೆಗೆ ಜೀವಂತ ಬಾವಲಿಯೇ ನುಗ್ಗಿತ್ತು. ಆಫ್ರಿಕಾದ ಗುಹೆಗಳಲ್ಲಿರುವ ಹಣ್ಣುಬಾವಲಿಯ ಜಾತಿಯೇ ಇರಬಹುದೆಂದು ಮೇಡಂಗೆ ಅನುಮಾನ. ನನ್ನ ಕೈಗೆ ಟವೆಲ್ ಕೊಟ್ಟು ಒಳಗೆ ಕಳಿಸಿದರು. ಹಾರಿಹೋಗಬಾರದೆಂದು ಹೊರಗಿನಿಂದ ಬಾಗಿಲು ಹಾಕಿಕೊಂಡರು. ಬಾವಲಿ ಕಚ್ಚಿದರೆ ಹುಚ್ಚುನಾಯಿ ಕಡಿದಾಗ ಬರುವ ರೋಗವೇ ಬರಬಹುದೆಂದು ನನಗೆ ಹೇಳಿಕೊಟ್ಟವರೂ ಅವರೇ.

ಅದು ಎರಡು ಸುತ್ತು ಹಾರಿ ನನ್ನ ಕಾಲರಿಗೆ ಜೋತುಬಿತ್ತು. ಟವೆಲ್ ಹಿಡಿದುಕೊಂಡು ಅಲುಗಾಡದೆ ನಿಂತೆ.

"ಮೂಗಿನ ಮೇಲೆ ಎಲೆಯಂಥದ್ದು ಏನಾದರೂ ಇದೆಯಾ?" ಮೇಡಂ ಬಾಗಿಲಾಚೆಯಿಂದ ಕೇಳಿದರು.

"ಇಲ್ಲ ಮೇಡಂ."

"ಸರಿಯಾಗಿ ನೋಡಿದಿರಾ?"

"ಅದೇ ನನ್ನನ್ನು ಸರಿಯಾಗಿ ನೋಡ್ತಾ ಉಂಟು."

"ರೆಕ್ಕೆಯ ಹೆಬ್ಬೆರಳಲ್ಲಿ ಉಗುರಿರುತ್ತೆ. ಪಕ್ಕದ ಬೆರಳಲ್ಲೂ ಇದೆಯಾ?"

"ಉಂಟು ಮೇಡಂ. ಎರಡೂ ನನ್ನ ಕುತ್ತಿಗೆಯಲ್ಲೇ ಉಂಟು."

ಆಚೆ ಪೆನ್ನಿನ ಸದ್ದು. "ಹಾಗಾದರೆ ಹಣ್ಣುಬಾವಲಿಯೇ. ಅನುಮಾನವೇ ಇಲ್ಲ," ಎಂದರು ಸಂತೋಷದಿಂದ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತುಸುವೇ ತೆರೆದು, "ನೀವು ಹೇಗಿದ್ದೀರಿ?" ಎಂದರು.