ಮಾವನವರ ಮೋಟಾರಿಗೆ ಹುಣಸೆಹಣ್ಣು

ಹೊಳೆಯುವ ವಸ್ತುಗಳೆದುರು ನನಗೆ ಧೈರ್ಯ ಸಾಲದು. ಹೊಸ ಚೊಂಬಾಗಲಿ, ಶಾಲೆಯ ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರ ಬೂಟಾಗಲಿ, ಕಂಡ ಕೂಡಲೇ ಇದಕ್ಕೆ ನನ್ನಿಂದ ಏನೋ ಅಪಾಯ ಕಾದಿದೆ ಎನಿಸುತ್ತದೆ. ಈ ಅಳುಕು ಹುಟ್ಟಿದ್ದು ಮಾವನವರ ಮೋಟಾರಿನಿಂದ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ನೆನಪು ಹೀಗೆ ಕಾರಣ, ಪರಿಣಾಮ ಎಂದು ಅಚ್ಚುಕಟ್ಟಾಗಿ ಜೋಡಿಸಿಕೊಟ್ಟಾಗಲೆಲ್ಲ ನನಗೆ ಅನುಮಾನ. ಅಳುಕು ಮೊದಲೇ ಇದ್ದು, ಅದರಿಂದಲೇ ಮೋಟಾರು ಕೆಟ್ಟಿತೋ ಏನೋ.

ಮಾವನವರದು ನ್ಯಾಮತಿಯಲ್ಲಿ ಜವಳಿ ಅಂಗಡಿ. ಯಾರೋ ಓಡಿಸಿ ಬಿಟ್ಟಿದ್ದ ಕರೀ ಮೋಟಾರು ಕಾರೊಂದನ್ನು ಕೊಂಡಿದ್ದರು. ಅದರ ಸ್ಟೀರಿಂಗನ್ನು ಸ್ವಂತ ತಮ್ಮನಿಗೂ ಮುಟ್ಟಗೊಟ್ಟವರಲ್ಲ. ಯುದ್ಧದ ದಿನಗಳು, ಪೆಟ್ರೋಲಿಗೆ ರೇಷನ್ ಚೀಟಿ. ಒಮ್ಮೆ ಹೊನ್ನಾಳಿಯ ನಮ್ಮ ಮನೆವರೆಗೆ ಬಂದವರು, ದಾವಣಗೆರೆಗೆ ಇದ್ದಿಲಿನಿಂದ ಓಡುವ ಬಸ್ಸೇ ಸಾಕೆಂದು ಮೋಟಾರನ್ನು ನಮ್ಮ ಬಾಗಿಲಲ್ಲಿ ನಿಲ್ಲಿಸಿದರು. “ಎರಡು ದಿನ ನೋಡ್ಕಂಡಿರ್ರಿ ಮೇಷ್ಟ್ರೆ. ಮುಟ್ಟಬ್ಯಾಡ್ರಿ. ಬಂದಮ್ಯಾಲೆ ನಿಮಗೆ ಓಡ್ಸಾಕೆ ಕಲಿಸ್ತೀನಿ” ಎಂದರು. ಸೈಕಲ್ಲಿನಿಂದಾಚೆಗೆ ಏನನ್ನೂ ಏರದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಬಡ್ತಿ ಇನ್ನೇನಿದೆ?

ಮರುದಿನ ಬೆಳಿಗ್ಗೆ ಎಡಗಡೆ ಬಾಗಿಲ ಮೇಲೆ ಒಂದು ಗೀರು ಕಂಡಿತು. ಒಂದು ಗೇಣುದ್ದ. ಹೋದ ವರ್ಷ ಈ ಕಥೆ ಹೇಳಿದಾಗ ಅರ್ಧ ಗೇಣೇ ಇತ್ತು, ಅದಿರಲಿ. ಯಾರ ಎತ್ತಿನ ಕೊಂಬೋ, ನನ್ನ ಸೈಕಲ್ಲಿನ ಹಿಡಿಯೋ ತಿಳಿಯದು. ನ್ಯಾಮತಿಯಿಂದಲೇ ಬಂದ ಗೀರೂ ಆಗಿರಬಹುದು. ಆದರೆ ಮಾವನನ್ನು ಹಾಗೆಂದು ಕೇಳುವ ಅಳಿಯ ಯಾವ ಊರಿನಲ್ಲಿದ್ದಾನೆ? ಗೀರು ಉಳಿದರೆ ಸ್ಟೀರಿಂಗು ನನಗಿಲ್ಲ, ಅಷ್ಟು ಖಾತ್ರಿ. ಹೆಂಡತಿ ಗಿರಿಜೆಯನ್ನು ಕರೆದೆ.

“ಅಪ್ಪ ಮುಟ್ಟಬ್ಯಾಡ್ರಿ ಅಂದಾರಲ್ರೀ.”

“ನೋಡ್ಕಂಡಿರ್ರಿ ಅಂತಲೂ ಅಂದಾರಲ್ಲ.”

“ಮತ್ತೆ ನೋಡ್ರಿ. ಕಣ್ಣು ಎದಕ್ಕೈತೆ?”

ಅಷ್ಟರಲ್ಲಿ ಹೊಳೆಯಿಂದ ನೀರು ತರುತ್ತಿದ್ದ ಪಕ್ಕದ ಮನೆಯ ನಿಂಗಮ್ಮ ನಿಂತರು. “ಇದಕ್ಯಾಕೆ ಇಷ್ಟು ಚಿಂತೆ? ನನ್ನ ತಾಮ್ರದ ಕೊಡ ನೋಡ್ರಿ, ನನ್ನ ಮದುವೇದು. ಎಲ್ಲಾದ್ರೂ ಒಂದು ಗೀರು ತೋರಿಸ್ರಿ ನೋಡಾನ! ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಮೇಷ್ಟ್ರಾಗಿ ಇಷ್ಟೂ ಗೊತ್ತಿಲ್ವಾ?”

ಮೇಷ್ಟರು ಏನನ್ನಾದರೂ ತಾಳಿಕೊಳ್ಳಬಲ್ಲರು, ಈ ಕೊನೆಯ ಪ್ರಶ್ನೆಯೊಂದನ್ನು ಬಿಟ್ಟು. ಉಜ್ಜಲು ಕೂತೆ. ಕರ್ರಗಿನ ನೀರು ಇಳಿಯತೊಡಗಿತು. ‘ಎಷ್ಟು ಕೊಳೆ ಹಿಡಿದಿದೆ!’ ಎಂದು ಹಿಗ್ಗಿ ಇನ್ನೂ ಜೋರಾಗಿ ಉಜ್ಜಿದೆ. ಗೀರು ಹೋಯಿತು, ಸುಳ್ಳು ಹೇಳಬಾರದು. ಇಳಿದದ್ದು ಕೊಳೆಯಲ್ಲ, ಬಣ್ಣ ಎಂದು ತಿಳಿದದ್ದು ಒಣಗಿದ ಮೇಲೆ. ಆ ಜಾಗವಷ್ಟೇ ಒರೆಸಿಟ್ಟ ಸ್ಲೇಟಿನಂತೆ ಮಂಕಾಗಿತ್ತು. ಅಂಚು ಎದ್ದು ಕಾಣದಿರಲೆಂದು ಸುತ್ತ ಉಜ್ಜಿದೆ, ಅಂಚು ಹಿಂದೆ ಸರಿಯಿತು, ಅದನ್ನು ಅಟ್ಟಿಸಿಕೊಂಡು ಹೋದೆ, ಬಾಗಿಲೇ ಮುಗಿಯಿತು. ಕೊಬ್ಬರಿ ಎಣ್ಣೆ ಹಚ್ಚಿದರೆ ಒಂದು ಗಳಿಗೆ ಹೊಳೆದು, ಆಮೇಲೆ ಶಿವಮೊಗ್ಗ ರಸ್ತೆಯ ಧೂಳನ್ನೆಲ್ಲ ಮೈಗೆ ಮೆತ್ತಿಕೊಂಡಿತು. ಕಡೆಗೆ ಗಿರಿಜೆಯೇ ಕನಿಕರಪಟ್ಟು, ಅದನ್ನೆಲ್ಲ ಒರೆಸಿ, ತಾನು ಹರಳೆಣ್ಣೆ ದೀಪಕ್ಕೆ ಹಿಡಿದು ಮಾಡಿಟ್ಟಿದ್ದ ಕಾಡಿಗೆಯನ್ನು ಬಾಗಿಲಿಗೆಲ್ಲ ಬಳಿದಳು. ದೂರದಿಂದ, ಅದೂ ಕಣ್ಣು ಕಿರಿದು ಮಾಡಿ ನೋಡಿದರೆ, ದಿವ್ಯವಾಗಿತ್ತು.

ದಾವಣಗೆರೆಯಿಂದ ಬಂದ ಮಾವನವರು ಹತ್ತಿರದಿಂದ ನೋಡಿದರು. ಒಂದು ಬೆರಳು ಊರಿ, ಆ ಬೆರಳನ್ನು ನನ್ನ ಮುಂದೆ ಹಿಡಿದರು.

“ದೃಷ್ಟಿ ಆಗದಿರಲಿ ಅಂತ ಒಂದು ಬೊಟ್ಟು ಇಡ್ತಾರೆ ಮೇಷ್ಟ್ರೆ. ಮೈಯೆಲ್ಲಾ ಬಳಿಯೋದು ಇವತ್ತೇ ನೋಡಿದ್ದು.”

ಆಗ ನಾನು ಎದೆಗೊಟ್ಟು ಎಲ್ಲವನ್ನೂ ಒಪ್ಪಿಕೊಂಡೆ ಎಂದು ನನ್ನ ನೆನಪು. ನಾನು ಅಡುಗೆಮನೆಯಲ್ಲಿ ಅಡಗಿದ್ದೆ, ಒಪ್ಪಿಕೊಂಡವಳು ತಾನು ಎಂದು ಗಿರಿಜೆಯ ನೆನಪು. ಅವಳ ಆವೃತ್ತಿಯಲ್ಲಿ ಅಡುಗೆಮನೆಯ ವಿವರಗಳು ಹೆಚ್ಚು, ಅದೇ ನಿಜವಿರಬೇಕು.

ಮಾವನವರು ಬೈಯಲಿಲ್ಲ. ಕಾಡಿಗೆ ಒರೆಸಿ, ಮೋಟಾರನ್ನು ಎರಡು ಸುತ್ತು ಬಂದರು. ಫಳಫಳಿಸುವ ಮೂರು ಬಾಗಿಲು, ಮಂಕಾದ ಒಂದು. ಜವಳಿ ವ್ಯಾಪಾರಿಯ ಕಣ್ಣು ಅದನ್ನು ಹೇಗೆ ಸಹಿಸೀತು?

“ಒಂದೇ ಬಟ್ಟೆ ಥಾನಿನಾಗೆ ಎರಡು ಬಣ್ಣ ಇದ್ರೆ ಯಾವ ಗಿರಾಕಿ ಮುಟ್ತಾನ್ರೀ? ಈ ಬಾಗಿಲಿಗೆ ಹೊಳಪು ತರಾಕೆ ನಿಮ್ಮ ಕೈಲಿ ಆಗಂಗಿಲ್ಲ. ಮಂಕು ಮಾಡಾಕೆ ಚೆನ್ನಾಗಿ ಬರ್ತೈತೆ. ಉಳಿದ ಮೂರನ್ನೂ ಇದಕ್ಕೆ ಸರಿ ಮಾಡ್ರಿ. ಆಮ್ಯಾಲೆ ಓಡ್ಸಾಕೆ ಕಲಿಯಿರಂತೆ.”

ಅಂದಿನಿಂದ ಭಾನುವಾರ ಬಂತೆಂದರೆ ಹುಣಸೆಹಣ್ಣಿನ ಉಂಡೆ ಕಟ್ಟಿಕೊಂಡು ಸೈಕಲ್ ಮೇಲೆ ನ್ಯಾಮತಿಗೆ ಹೊರಡುತ್ತಿದ್ದೆ. ಮಾವನವರು ಜಗಲಿಯ ಮೇಲೆ ಕೂತು, “ಕೆಳಗೆ ಬಿಟ್ಟೀರಿ, ಅಲ್ಲಿ, ಹಾಂ” ಎಂದು ಪಾಠ ಹೇಳುತ್ತಿದ್ದರು. ಮೋಟಾರಿನ ಬಳಿ ಅಷ್ಟು ಹೊತ್ತು ಕೂತ ಅಳಿಯ ಆ ಸೀಮೆಯಲ್ಲಿ ಬೇರೊಬ್ಬನಿರಲಾರ, ಹೊರಗಡೆಯೇ ಆದರೂ, ಕುಕ್ಕರಗಾಲಿನಲ್ಲೇ ಆದರೂ. ಮೋಟಾರು ಕಲಿಯುವುದು ಎಲ್ಲಿಗೆ ಬಂತೆಂದು ಶಾಲೆಯಲ್ಲಿ ಕೇಳಿದವರಿಗೆ, “ಎರಡನೇ ಬಾಗಿಲು ಮುಗೀತು” ಎಂದು ಗಂಭೀರವಾಗಿ ಉತ್ತರಿಸುತ್ತಿದ್ದೆ. ಬಾನೆಟ್ಟನ್ನೂ ಉಜ್ಜಬೇಕೆಂಬ ಮಾತನ್ನು ಮಾವನವರು ಆಗಿನ್ನೂ ಎತ್ತಿರಲಿಲ್ಲ.